ಸುದ್ದಿಯೂ ಸಮಾಜವೂ
(ತುಮ್ಮನಟ್ಟಿಯಲ್ಲಿ ಮಾಡಿದ ಭಾಷಣ)



ವಿಶ್ವವಿದ್ಯಾನಿಲಯದ ಸಂಶೋಧನೆಯಿಂದ ಹಟ್ಟಿಯ ಬೇಸಾಯಗಾರನಿಗೆ ಲಾಭವೇನೆಂದು ಕೇಳುವವರುಂಟು. ಇದಕ್ಕೆ ಮೈಸೂರಿನಲ್ಲಿಯೇ ಉತ್ತರವಿದೆ. 1935ರಲ್ಲಿ ಅಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದ ಎಂ. ವಿ. ಗೋಪಾಲಸ್ವಾಮಿಯವರು ಯಂತ್ರಶಾಸ್ತ್ರದವರಲ್ಲ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮನಸ್ಸನ್ನು ಅಭ್ಯಸಿಸಿದವರೇ ಮಾತನ್ನು ದೂರಕ್ಕೆ ಮುಟ್ಟಿಸಲು ಹೊರಟರೆಂಬುದು ಗಮನಿಸತಕ್ಕ ಸಂಗತಿ.

1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಅವರು ಸಂದೇಶವನ್ನು ಗಣಿತದಿಂದ ಅಳೆಯುವ ಮಾರ್ಗವನ್ನು ತೋರಿದರು. ಆ ಅಳತೆಯಲ್ಲಿ ಅರ್ಥದ ವಿಚಾರವನ್ನು ಅವರು ಬದಿಗಿರಿಸಿದರು. ತಂತಿಗೆ ಅರ್ಥ ಬೇಡ, ನಿಜ, ಮನುಷ್ಯನಿಗೆ ಬೇಕು.

2009ರ ನವೆಂಬರಿನಲ್ಲಿ ನಮ್ಮ ನೀಲಗಿರಿಯಲ್ಲಿಯೇ ಬಿರುಮಳೆಗೆ ಬೆಟ್ಟಗಳು ಜರಿದು ಹಲವರು ಪ್ರಾಣ ತೆತ್ತರು. ಅಂತಹ ರಾತ್ರಿ ಬರುವ ಎಚ್ಚರಿಕೆಯು ಮನೆಯ ಅಜ್ಜಿಗೆ ತಿಳಿಯದ ನುಡಿಯಲ್ಲಿದ್ದರೆ, ಅದು ಮುಟ್ಟಿಯೂ ಮುಟ್ಟದಂತೆಯೇ ಸರಿ.

ಈ ಬೆಟ್ಟದ ನುಡಿಯನ್ನು ವಿದ್ವಾಂಸರು ಅಲಕ್ಷಿಸಿಲ್ಲ. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೋ-ರಾಯಚೂರ್ ಅವರ ಬಡಗ-ಇಂಗ್ಲಿಷ್ ನಿಘಂಟು 1992ರಲ್ಲಿ ಅಚ್ಚಾಯಿತು. ಪರದೇಶದವರು ಪದಗಳನ್ನು ಕೂಡಿಟ್ಟರು. ಅವುಗಳನ್ನು ಬಾಳಿಗೆ ಒದಗಿಸುವ ಹೊಣೆ ನಮ್ಮದು.

ಉನ್ನತ ವ್ಯಾಸಂಗಕ್ಕೆ ಹೋಗುವ ನಮ್ಮ ತರುಣ ತರುಣಿಯರು ಮಳೆಯ ಸುದ್ದಿ, ಪೇಟೆಯ ಧಾರಣೆ, ಆಸ್ಪತ್ರೆಯ ಸೂಚನೆಗಳು ಯಾವ ಮನೆಗೆ ಹೇಗೆ ಮುಟ್ಟುತ್ತವೆ, ಎಲ್ಲಿ ತಡೆಯುತ್ತವೆ ಎಂಬುದನ್ನು ತಮ್ಮ ಹಟ್ಟಿಯಿಂದಲೇ ಶೋಧಿಸಲಿ. ಹಿರಿಯರು ಅವರೊಡನೆ ಕುಳಿತು ಮಾತನಾಡಲಿ. ಕೇಳುವವನಿಗೆ ತಿಳಿದಾಗಲೇ ಸುದ್ದಿ ಸುದ್ದಿಯಾಗುತ್ತದೆ.