ಅಗ್ಗದ ಫ್ರೆಂಚ್ ವೈನ್, ಅಥಣಿ ದ್ರಾಕ್ಷಿ

ಇವತ್ತು ವೈನ್ ಬಗ್ಗೆ ಮಾತು. ಕುಡೀರಿ ಅಂತ ಹೇಳೋಕಲ್ಲ, ದ್ರಾಕ್ಷಿ ಬೆಳೆಯೋರ ಕಥೆ ಅದರಲ್ಲಿ ಇದೆ ಅಂತ.

ಫ್ರಾನ್ಸ್‌ನಿಂದ ಬಂದ ಗೆಳೆಯ ಚಿಕ್ಕೋಡಿಯ ನಮ್ಮ ಮನೆಗೆ ಒಂದು ಬಿಳಿ ವೈನ್ ತಂದಿದ್ದ. ಹೆಸರು ಕೋಟ್ ದ ಗ್ಯಾಸ್ಕೋನ್. ಬೋರ್ಡೋ, ಶಾಂಪೇನ್ ಕೇಳಿರ್ತೀರಿ, ನೈಋತ್ಯ ಫ್ರಾನ್ಸ್‌ನ ಗ್ಯಾಸ್ಕನಿ ಕೇಳಿರೋರು ಕಡಿಮೆ. ಅಲ್ಲಿ ಇಂಥ ಬಾಟಲಿ 10 ಯೂರೋ ಒಳಗೇ ಸಿಗುತ್ತದೆ. ಕೊಲಂಬಾರ್, ಉನಿ ಬ್ಲಾಂ ಅನ್ನೋ ಎರಡು ತಳಿಗಳ ಮಿಶ್ರಣ.

ಚೆನ್ನಾಗಿ ತಣ್ಣಗೆ ಮಾಡಿ ಗ್ಲಾಸಿಗೆ ಹಾಕಿದೆ. ಮೂಗಿಗೆ ಮೊದಲು ಚಕ್ಕೋತ, ಆಮೇಲೆ ನಿಂಬೆ ಸಿಪ್ಪೆ. ಸಿಹಿ ಇಲ್ಲ, ಚುರುಕು ಹುಳಿ. ರುಚಿ ಬಹಳ ಹೊತ್ತು ನಿಲ್ಲಲ್ಲ, ಆದರೆ ಮಿರ್ಚಿ ಭಜಿ ಜೊತೆ ಚಲೋ ಹೊಂದಿತು.

ಅಥಣಿ ತಾಲೂಕಿನ ತೆಲಸಂಗ ಕಡೆ ದ್ರಾಕ್ಷಿ ತೋಟ ಇರೋ ನಮ್ಮ ಕಾಕಾ ಅಲ್ಲೇ ಕೂತಿದ್ರು. ಕುಡಿಯೋರಲ್ಲ. ಗ್ಲಾಸ್ ಮೂಸಿ ನೋಡಿ ಕೇಳಿದ್ರು: "ತಮ್ಮಾ, ಇದೂ ದ್ರಾಕ್ಷಿನ ಹೌದಿಲ್ಲೊ? ಮತ್ತ ನಮ್ದು ಯಾಕ ಬರೇ ಮಣೂಕ ಆಗ್ತೈತಿ?"

ಸಣ್ಣ ಪ್ರಶ್ನೆ ಅಲ್ಲ ಅದು. ಕಾಕಾ ಬೆಳೆಯೋದು ಥಾಮ್ಸನ್ ಸೀಡ್‌ಲೆಸ್. ಕಟಾವು ಮಾಡಿ, ಡಿಪ್ಪಿಂಗ್ ಆಯಿಲ್ ಹಾಕಿದ ನೀರಲ್ಲಿ ಅದ್ದಿ, ಶೆಡ್ಡಿನ ಬಲೆ ಮೇಲೆ ಸುಮಾರು ಎರಡು ವಾರ ಒಣಗಿಸಬೇಕು. ಆಗ ಮಳೆ ಬಿದ್ದರೆ ಮಣೂಕ ಕಪ್ಪಾಗುತ್ತದೆ, ರೇಟು ಬೀಳುತ್ತದೆ. ಮಾರೋಕೆ ತಾಸಗಾಂವ ಇಲ್ಲವೇ ಸಾಂಗ್ಲಿ ಮಾರ್ಕೆಟ್.

ಗ್ಯಾಸ್ಕನಿ ರೈತರಿಗೂ ಹಿಂಗೇ ಒಂದೇ ದಾರಿ ಇತ್ತು. ಅವರ ದ್ರಾಕ್ಷಿ ಹೋಗ್ತಿದ್ದದ್ದು ಆರ್ಮಾನ್ಯಾಕ್ ಅನ್ನೋ ಬ್ರಾಂಡಿಗೆ. ಅದರ ಮಾರಾಟ ಕುಸಿದಾಗ, 1980ರ ದಶಕದಲ್ಲಿ, ಕೆಲವರು ಅದೇ ತಳಿಗಳ ರಸವನ್ನು ಸ್ಟೀಲ್ ಟ್ಯಾಂಕ್‌ನಲ್ಲಿ ತಂಪಾಗಿ ಇಟ್ಟು ಹುದುಗಿಸಿ, ಪರಿಮಳ ಹಾರಿಹೋಗದಂತೆ ಕಾಪಾಡಿ, ಬಿಳಿ ವೈನ್ ಮಾಡಿದರು. ದುಬಾರಿ ಮಾಡಲಿಲ್ಲ, ದಿನಾ ಊಟಕ್ಕೆ ಆಗುವಂತೆ ಮಾಡಿದರು. ಅದೇ ಅವರನ್ನು ಉಳಿಸಿತು.

ಹಾಗಂತ ನಮ್ಮ ಥಾಮ್ಸನ್‌ನಿಂದ ನಾಳೆಯೇ ಇಂಥ ವೈನ್ ಬರಲ್ಲ. ಅದು ತಿನ್ನೋಕೆ, ಒಣಗಿಸೋಕೆ ಇರೋ ಹಣ್ಣು, ವೈನ್‌ಗೆ ಬೇಕಾದ ಪರಿಮಳ ಅದರಲ್ಲಿ ಕಡಿಮೆ. ಬೇರೆ ತಳಿ ಬೇಕು, ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಕರ್ನಾಟಕ 2007ರಲ್ಲೇ ವೈನ್ ನೀತಿ ತಂದಿದೆ. ಆದರೆ ರೈತನಿಗೆ ನೀತಿಗಿಂತ ಮೊದಲು ಖರೀದಿ ಮಾಡೋರು ಬೇಕು.

ಇಷ್ಟೆಲ್ಲ ಹೇಳಿದಾಗ ಕಾಕಾ ಗ್ಲಾಸ್ ಕೆಳಗಿಟ್ಟು ಅಂದ್ರು: "ಬಳ್ಳಿ ನಾ ಹಚ್ತೇನಿ. ತಗೊಳ್ಳಾವ್ರು ಯಾರು, ಅದನ್ನ ಹೇಳು."

ನನ್ನ ಹತ್ರ ಉತ್ತರ ಇರಲಿಲ್ಲ. ನಿಮ್ಮ ಮನೆಯಲ್ಲೂ ದ್ರಾಕ್ಷಿ ತೋಟ ಇದ್ದರೆ ಒಂದು ವಾಯ್ಸ್ ಮೆಸೇಜ್ ಕಳಿಸಿ. ಕಾಕಾಗೆ ಕೇಳಿಸ್ತೀನಿ.