ಪಿಡುಗಿನ ಕಾಲದಲ್ಲಿ ವೈದ್ಯ ವಿದ್ಯಾರ್ಥಿಗಳು
(ವಾಚನಾಲಯದಲ್ಲಿ ಮಾಡಿದ ಉಪನ್ಯಾಸ)



ವೈದ್ಯ ವಿದ್ಯಾರ್ಥಿಗಳ ವಿಷಯ ನಮಗೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಊರು ಬಿಟ್ಟು ಬಂದು ಒಂದೇ ಖೋಲಿಯಲ್ಲಿ ನಾಲ್ಕಾರು ಮಂದಿ ಇರುವ ನಾವು ಜ್ವರ ಬಂದರೆ ಹೋಗುವುದು ಸರಕಾರಿ ದೊಡ್ಡಾಸ್ಪತ್ರೆಗೆ. ಅಲ್ಲಿ ಮೊದಲು ನಮ್ಮ ನಾಡಿ ಹಿಡಿಯುವವರು ಎಷ್ಟೋ ಸಲ ಇನ್ನೂ ಕಲಿಯುತ್ತಿರುವ ತರುಣ ತರುಣಿಯರೇ. ಅವರಿಗೆ ಏನು ಗೊತ್ತು, ಅವರ ಮನಸ್ಸು ಹೇಗಿದೆ, ಅವರ ಕೈ ಏನು ಮಾಡುತ್ತದೆ ಎಂಬುದು ನಮ್ಮ ಜೀವಕ್ಕೆ ಸಂಬಂಧಿಸಿದ ಮಾತು.

2020ರಲ್ಲಿ ಕೋವಿಡ್ ಹಬ್ಬಿದ ಮೇಲೆ ಹಲವು ದೇಶಗಳಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕಳಿಸಿ ಈ ಮೂರನ್ನೇ ಅಳೆದರು: ತಿಳುವಳಿಕೆ, ಮನೋಭಾವ, ನಡವಳಿಕೆ. ರೋಗ ಹೇಗೆ ಹರಡುತ್ತದೆಂದು ಕೇಳಿದರೆ ಉತ್ತರ ಸರಿಯೋ ತಪ್ಪೋ ಹೇಳಬಹುದು. ಆದರೆ ‘ಕೈ ತೊಳೆಯುತ್ತೀಯಾ?’ ಎಂದರೆ ‘ಇಲ್ಲ’ ಎಂದು ಬರೆದುಕೊಡುವ ಭೂಪ ಯಾರು? ನಡವಳಿಕೆಯನ್ನು ವಾರ್ಡಿನಲ್ಲೇ ನೋಡಬೇಕೆಂದು ನಮ್ಮ ಅಭಿಪ್ರಾಯ.

ಹಾಗೆ ವಾರ್ಡಿನಲ್ಲಿ ಕಂಡ ಸಂಗತಿಯೊಂದು 1918ರದು. ಆ ವರ್ಷ ಜೂನಿನಲ್ಲಿ ಮುಂಬಯಿಯನ್ನು ಹೊಕ್ಕಿದ್ದ ಇನ್‌ಫ್ಲುಯೆಂಜಾ ಶರತ್ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರವನ್ನು ಮುತ್ತಿತು. ಸೆಪ್ಟೆಂಬರ್ 28ರಂದು ಯುದ್ಧಸಾಲದ ಮೆರವಣಿಗೆಗೆ ಅಲ್ಲಿ ಸುಮಾರು 2 ಲಕ್ಷ ಜನ ಸೇರಿದ್ದರು. ಮುಂದಿನ ಕೆಲವು ವಾರಗಳಲ್ಲಿ ಸತ್ತವರು 12 ಸಾವಿರಕ್ಕೂ ಹೆಚ್ಚು. ವೈದ್ಯರೂ ದಾದಿಯರೂ ಅನೇಕರು ಸೈನ್ಯಕ್ಕೆ ಹೋಗಿದ್ದರು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯ ಮೇಲಿನ ತರಗತಿಗಳ ಪಾಠ ನಿಲ್ಲಿಸಿ ವಿದ್ಯಾರ್ಥಿಗಳನ್ನು ಆಸ್ಪತ್ರೆಗಳಿಗೆ ಕಳಿಸಿತು. ಮುಂದೆ ಹೃದಯದ ಸಂಶೋಧನೆಯಲ್ಲಿ ಹೆಸರು ಪಡೆದ ಐಸಾಕ್ ಸ್ಟಾರ್ ಅವರಲ್ಲೊಬ್ಬರು. ತಮ್ಮ ನೆನಪುಗಳನ್ನು ಅವರು 1976ರಲ್ಲಿ ಪ್ರಕಟಿಸಿದರು. ಆ ರೋಗದ ಮೇಲೆ ಅವರಿಗೆ ದೊರೆತದ್ದು ಒಂದೇ ಉಪನ್ಯಾಸ! ಮೂರನೆಯ ವರ್ಷದವರಾದ್ದರಿಂದ ದಾದಿಯ ಕೆಲಸ. ಸಂಜೆ 4ರಿಂದ ಮಧ್ಯರಾತ್ರಿಯವರೆಗೆ ಪಾಳಿ. ಮರುದಿನ ಬಂದು ನೋಡಿದರೆ ಹಿಂದಿನ ರಾತ್ರಿಯ ಮುಖಗಳು ಕೆಲವೇ, ಹಾಸಿಗೆಗಳಲ್ಲಿ ಹೊಸಬರು. ದಿನವೂ ಹೀಗೆಯೇ ನಡೆಯಿತು.

ತಿಳುವಳಿಕೆಯ ಪರೀಕ್ಷೆ ಇಟ್ಟಿದ್ದರೆ ಆ ಹುಡುಗರಿಗೆ ಎಷ್ಟು ಅಂಕ ಬರುತ್ತಿತ್ತು? ರೋಗಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣವೆಂದು ಗುರುಗಳಲ್ಲೇ ಅನೇಕರು ನಂಬಿದ್ದರು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಬೇರ್ಪಡಿಸಿದ್ದು 1933ರಲ್ಲಿ. ಆದರೂ ನೀರು ಕುಡಿಸುವುದಕ್ಕೆ, ಮೈ ಒರೆಸುವುದಕ್ಕೆ, ಸಾಯುವವನ ಪಕ್ಕದಲ್ಲಿ ನಿಲ್ಲುವುದಕ್ಕೆ ವೈರಸ್ಸಿನ ಹೆಸರು ತಿಳಿದಿರಬೇಕಾಗಿರಲಿಲ್ಲ.

ನಮ್ಮ ದೇಶದಲ್ಲಿ ಕೋವಿಡ್ ಎರಡನೆಯ ಅಲೆಯಲ್ಲಿ ಇದೇ ಪ್ರಸಂಗ ಬಂತು. ಇಂಟರ್ನಿಗಳನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೋವಿಡ್ ಕೆಲಸಕ್ಕೆ ತೊಡಗಿಸುವುದೆಂದೂ, ಅಂತಿಮ ವರ್ಷದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳನ್ನು ಫೋನಿನ ಮೂಲಕ ಸಲಹೆ ಕೊಡಲು, ಸೌಮ್ಯ ರೋಗಿಗಳನ್ನು ಗಮನಿಸಲು ಬಳಸಬಹುದೆಂದೂ 2021ರ ಮೇ 3ರಂದು ಕೇಂದ್ರ ಸರಕಾರ ಪ್ರಕಟಿಸಿತು. 100 ದಿನ ದುಡಿದವರಿಗೆ ಸರಕಾರಿ ನೇಮಕದಲ್ಲಿ ಆದ್ಯತೆ ಎಂದಿತು. ಪತ್ರಿಕೆ ಓದಿದವರು ಮಾತಾಡಿಕೊಂಡದ್ದು ಹೆಚ್ಚಾಗಿ ಈ ಆದ್ಯತೆಯನ್ನೇ. ಗಿರಣಿಯಲ್ಲೋ ಗೋದಾಮಿನಲ್ಲೋ ದುಡಿದ ನಮ್ಮ ಕಣ್ಣು ಬೀಳುವುದು ಅದೇ ಪ್ರಕಟಣೆಯ ಇನ್ನೊಂದು ಸಾಲಿನ ಮೇಲೆ: ಕೆಲಸಕ್ಕೆ ಬರುವವರಿಗೆ ಲಸಿಕೆ, ವಿಮೆ. ಕೆಲಸಕ್ಕೆ ಕರೆದವನು ಕೈಗವಸನ್ನೂ ಕೊಡಬೇಕಲ್ಲವೇ? ಮಾಸ್ಕ್ ಬದಲಿಸಬೇಕೆಂದು ಹುಡುಗಿಗೆ ಚೆನ್ನಾಗಿ ಗೊತ್ತು, ಮನಸ್ಸೂ ಇದೆ; ಕಪಾಟಿನಲ್ಲಿ ಮಾಸ್ಕ್ ಇಲ್ಲದಿದ್ದರೆ ಪ್ರಶ್ನಾವಳಿಯಲ್ಲಿ ಕಳೆಯುವ ಅಂಕ ಮಾತ್ರ ಅವಳದೇ.

ಇನ್ನು ತಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.