ಶಾಲೆ ಊರಿಗೆ ಬಂದ ದಾರಿ

ಮಂಡ್ಯ ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಮುಂಚೆ ಮಂಡ್ಯ, ಮದ್ದೂರು, ಮಳವಳ್ಳಿಗೆ ಕೋರ್ಟು, ಕಚೇರಿ ಎಲ್ಲದಕ್ಕೂ ಮೈಸೂರೇ ದೊಡ್ಡ ಊರು. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳ ಓದಿಗೂ ಅದೇ ಗತಿ. ಅಲ್ಲಿ ಎಂ. ಶ್ರೀನಿವಾಸರಾಯರು 1901ರಲ್ಲೇ ಇಂಥ ಮಕ್ಕಳಿಗೊಂದು ಶಾಲೆ ತೆರೆದಿದ್ದರು.

ಆಮೇಲೆ ಬಂದವೂ ನಗರಗಳಲ್ಲೇ. ಪೋಲಿಯೋದಿಂದ ನಡಿಗೆ ಕಳೆದುಕೊಂಡಿದ್ದ ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದರು. 1965ರಲ್ಲಿ ಮೈಸೂರಿಗೆ ವಾಕ್ ಶ್ರವಣ ಸಂಸ್ಥೆ ಬಂತು. ಮಂಡ್ಯ, ಮದ್ದೂರಿನವರು ರೈಲು ಹತ್ತಬಹುದಿತ್ತು. ಮಳವಳ್ಳಿಗೆ ಆ ಭಾಗ್ಯವೂ ಇರಲಿಲ್ಲ. ಕತ್ತು ನಿಲ್ಲದ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊರಟ ತಾಯಿಗೆ ಅವತ್ತಿನ ಕೂಲಿ ಹೋದಂತೆಯೇ.

1990ರ ದಶಕದ ಕೊನೆಗೆ ದಾರಿ ತಿರುಗಿತು. ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇಟಲಿಯ ಐಫೊ ಸಂಸ್ಥೆಯ ನೆರವಿನಿಂದ ಮಳವಳ್ಳಿ ಸೀಮೆಯಲ್ಲಿ ಸಮುದಾಯ ಆಧಾರಿತ ಪುನರ್ವಸತಿ ಕೆಲಸಕ್ಕೆ ಇಳಿಯಿತು. ಈ ಪದ್ಧತಿಯಲ್ಲಿ ಕಾರ್ಯಕರ್ತರೇ ಮನೆಗೆ ಬರುತ್ತಾರೆ. ಗೋಡೆಯ ಮೂಲೆಗೆ ಕಂಬಳಿ ಮಡಿಸಿಟ್ಟು ಮಗುವನ್ನು ಒರಗಿಸಿ ಕೂರಿಸುವುದು, ಅಂಗಳದಲ್ಲಿ ಎರಡು ಬಿದಿರು ಗಳ ಕಟ್ಟಿ ಹಿಡಿದು ನಡೆಸುವುದು, ಇದನ್ನೆಲ್ಲ ತಾಯಿಗೆ, ಅಜ್ಜಿಗೆ ಕಲಿಸಿಕೊಡುತ್ತಾರೆ. ಮುಂದೆ ಸರ್ಕಾರವೂ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಗೊತ್ತುಮಾಡಿತು. ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು.

ಹಾಗೆಂದು ವಸತಿ ಶಾಲೆ ಬೇಡವೆನ್ನಲಾಗದು. ಊರಿಗೊಬ್ಬನೇ ಆದ ಕಿವುಡ ಹುಡುಗನಿಗೆ ಕೈಸನ್ನೆಯಲ್ಲಿ ಜಗಳವಾಡಲು, ನಗಲು ಜೊತೆಗಾರರು ಸಿಗುವುದು ಅಲ್ಲೇ. ಮನೆಯವರು ಎಷ್ಟೇ ಅಕ್ಕರೆ ತೋರಿದರೂ ಆ ಬಳಗವನ್ನು ಕೊಡಲಾರರು. ತಪ್ಪಿದ್ದು ಬೇರೆ ಕಡೆ: ಮನೆ ಬಿಟ್ಟರೆ ಓದು, ಮನೆಯಲ್ಲಿದ್ದರೆ ಮೂಲೆ ಎಂಬ ಲೆಕ್ಕದಲ್ಲಿ.

ಕಾನೂನು ಈಗ ಆ ಲೆಕ್ಕವನ್ನು ಒಪ್ಪುವುದಿಲ್ಲ. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯ ಗುರುತಿಸಿತ್ತು. 2016ರದ್ದು 21 ಬಗೆ ಗುರುತಿಸಿದೆ. ನಿಗದಿತ ಪ್ರಮಾಣದ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ಉಚಿತ ಓದು ಹಕ್ಕು. ತೀವ್ರ ವೈಕಲ್ಯವಿದ್ದರೆ ಮನೆಯಲ್ಲೇ ಕಲಿಯಬಹುದೆಂದು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲೇ ತಿದ್ದುಪಡಿಯಾಗಿದೆ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇಕಡಾ 5 ಅಂಗವಿಕಲರಿಗೆ ಮೀಸಲು. ಮುಂದಿನ ಗ್ರಾಮಸಭೆಯಲ್ಲಿ ಆ ದುಡ್ಡಿನಿಂದ ಯಾವ ಮಗುವಿಗೆ ಏನಾಯಿತು ಎಂದು ಕೇಳಿ. ಕೇಳುವವರಿದ್ದರೆ ಮಾತ್ರ ಲೆಕ್ಕ ಬರೆಯುವವರು ಎಚ್ಚರವಾಗಿರುತ್ತಾರೆ.